ಕೇಪಿನ ಕೋವಿಗೆ ಬಿಸಿನೀರು

ಕೋವಿಯ ಸದ್ದು ಅಡಗಿಸುವ ಕೊಳವೆಗೆ ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ ಪೇಟೆಂಟ್ ಪಡೆದದ್ದು 1909ರಲ್ಲಿ. ಅವನ ಅಪ್ಪ ಮಷಿನ್ ಗನ್ ಕಂಡುಹಿಡಿದವನು. ತನ್ನದೇ ಬಂದೂಕಿನ ಸದ್ದು ಕೇಳಿ ಕೇಳಿ ಕೊನೆಗಾಲದಲ್ಲಿ ಪೂರಾ ಕಿವುಡನಾಗಿದ್ದನಂತೆ. ಅಂಥವನ ಮಗ ಸೈಲೆನ್ಸರ್ ಮಾಡಿದ್ದು ನ್ಯಾಯವೇ. ಆದರೆ ಆ ಕಾಲದಲ್ಲಿ ಯಾರಾದರೂ ಅದನ್ನು ಯಲ್ಲಾಪುರ ಸೀಮೆಯ ತೋಟಿಗರಿಗೆ ಪುಕ್ಕಟೆ ತಂದು ಕೊಟ್ಟಿದ್ದರೂ ಅಟ್ಟದ ಮೂಲೆ ಸೇರುತ್ತಿತ್ತು. ನಮ್ಮಲ್ಲಿ ಕೋವಿ ಇದ್ದದ್ದೇ ಸದ್ದು ಮಾಡಲಿಕ್ಕೆ. ಸದ್ದು ಕಡಿಮೆಯಾದ ದಿನ ಅಪ್ಪಯ್ಯ ಅದನ್ನು ಬಿಚ್ಚಿಟ್ಟುಕೊಂಡು ಕೂರುತ್ತಿದ್ದ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಅಡಿಕೆ ತೋಟ ಇರುವುದು ಕಣಿವೆಯ ತಳದಲ್ಲಿ, ಎರಡೂ ಮಗ್ಗುಲಲ್ಲಿ ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಎಂಬ ಸವಲತ್ತು ಬ್ರಿಟಿಷರ ಕಾಲದಿಂದ ನಮ್ಮ ಈ ಮೂರು ತಾಲೂಕುಗಳಿಗೆ ನಡೆದುಬಂದಿದೆ. ಸೊಪ್ಪು, ದರಕು ಅಲ್ಲಿಂದ ಬರಬೇಕು. ಮಂಗ, ಹಂದಿ, ಮುಳ್ಳುಹಂದಿ, ಕೆಂಪಳಿಲು ಬರುವುದೂ ಅಲ್ಲಿಂದಲೇ. ಎಳೆಯಡಿಕೆ ಚೀಪಿ ಉಗುಳುವ ಮಂಗ, ಬಾಳೆಗೊನೆಯ ಬುಡಕ್ಕೆ ಬಾಯಿ ಹಾಕುವ ಹಂದಿ, ಏಲಕ್ಕಿ ಹಿಂಡಿಲಿನ ಮೇಲೆ ಮಲಗೆದ್ದು ಹೋಗುವ ಇನ್ನೊಂದು. ಮಾಳದ ಮೇಲೆ ಕೂತು ಗದ್ದೆ ಕಾಯುವವನ ಕೈಯಲ್ಲಿ ಕವಣೆ, ಡಬ್ಬ, ದೊಂದಿ, ಮತ್ತೆ ಗಂಟಲು. ಇವೆಲ್ಲ ಸೋತಲ್ಲಿ ಕೋವಿ.

ಕೋವಿ ಮನೆಗೆ ಬಂದ ದಾರಿ ಮಾತ್ರ ಸಲೀಸಾದದ್ದಲ್ಲ. 1857ರಲ್ಲಿ ಜನರ ಆಯುಧ ಕಸಿಯಲು ಹೊರಟ ಸರಕಾರದ ಮೇಲೆ ಹಲಗಲಿಯ ಬೇಡರು ತಿರುಗಿಬಿದ್ದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದರ ಬೆನ್ನಿಗೇ 1858-59ರಲ್ಲಿ ನಮ್ಮ ಪಕ್ಕದ ಸೂಪಾ ಕಾಡಿನಲ್ಲಿ ಬಂಡಾಯಗಾರರು ಬ್ರಿಟಿಷ್ ಪಡೆಗಳನ್ನು ಕಾಡಿದರು. ಅವರ ಜೊತೆ ಸಿದ್ದಿಗಳೂ ಇದ್ದರು. ಇದು ಪಠ್ಯಪುಸ್ತಕಕ್ಕೆ ಹತ್ತಲಿಲ್ಲ ಎಂಬುದು ನನ್ನ ಹಳೆಯ ತಕರಾರು. 1878ರಲ್ಲಿ ಲಿಟ್ಟನ್ ವೈಸ್‌ರಾಯ್ ಆಗಿದ್ದಾಗ ಆಯುಧ ಕಾಯ್ದೆ ಬಂತು. ಲೈಸೆನ್ಸ್ ಇಲ್ಲದೆ ಭಾರತೀಯನ ಕೈಯಲ್ಲಿ ಕೋವಿ ಕಂಡರೆ ಜೈಲು. ಯುರೋಪಿಯನ್ನರಿಗೆ ಆ ರಗಳೆ ಇಲ್ಲ. ಕೊಡವರಿಗೂ ವಿನಾಯಿತಿ ಸಿಕ್ಕಿತು. ಅದು ಇವತ್ತಿಗೂ ಇದೆ. 2019ರಲ್ಲಿ ಕೇಂದ್ರ ಸರಕಾರ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಅವರು ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಮುಡಿಸಿ ಹಬ್ಬ ಮಾಡುತ್ತಾರೆ. ನಮ್ಮದು ಆಯುಧಪೂಜೆಯಲ್ಲಿ ಕತ್ತಿ, ಕೊಡಲಿ, ಗುದ್ದಲಿಗಳ ಸಾಲಿನ ತುದಿಯಲ್ಲಿ ಸುಮ್ಮನೆ ಮಲಗಿರುತ್ತದೆ.

ಉಳಿದವರಿಗೆ ಸಿಕ್ಕಿದ್ದು ಬೆಳೆ ರಕ್ಷಣೆಯ ಲೈಸೆನ್ಸ್. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯೂ ಅದನ್ನು ಉಳಿಸಿಕೊಂಡಿತು. ಅದರ 13ನೇ ಕಲಮಿನಲ್ಲಿ ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಕೋವಿ ಎಂದು ಬಿಡಿಸಿ ಹೇಳಿದೆ. ಅಂದರೆ ಕೇಪು ಎಂಬ ಸಿಡಿಮದ್ದಿನ ಪುಟ್ಟ ಟೊಪ್ಪಿಯಿಂದ ಈಡಿಗೆ ಕಿಡಿ ಹಚ್ಚುವ ನಮ್ಮ ಕೇಪಿನ ಕೋವಿ. ತೋಟೆ ಹಾಕುವ ಕೋವಿ ಬೇಕೆಂದರೆ ಇದು ಸಾಲುವುದಿಲ್ಲ ಎಂದು ಅಧಿಕಾರಿಗೆ ಮನದಟ್ಟು ಮಾಡಬೇಕು. ಜಗತ್ತಿನ ಸೈನ್ಯಗಳು ಹತ್ತೊಂಬತ್ತನೇ ಶತಮಾನದಲ್ಲೇ ಬಿಟ್ಟುಬಿಟ್ಟ ಯಂತ್ರ ಒಂದು ಕಾನೂನಿನ ದೆಸೆಯಿಂದ ನಮ್ಮ ಮನೆಗಳಲ್ಲಿ ಉಳಿಯಿತು. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಕಂಡಂತೆ ಲೈಸೆನ್ಸ್ ಇದ್ದದ್ದು ತೋಟದ ಒಡೆಯರ ಹೆಸರಿನಲ್ಲಿ. ರಾತ್ರಿ ಮಾಳದಲ್ಲಿ ಚಳಿ ಕಾಯಿಸುತ್ತ ಕೂರುತ್ತಿದ್ದ ಸಿದ್ದಿ, ಮರಾಠಿ, ಕರೆಒಕ್ಕಲಿಗರ ಮನೆಗಳಲ್ಲಿ ಕೋವಿ ಅಪರೂಪ. ಕಾಯುವವನೊಬ್ಬ, ಕೋವಿಯವನೊಬ್ಬ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೋವಿಯ ಕೆಲಸ ಇನ್ನಷ್ಟು ಕಿರಿದಾಯಿತು. ಅಪ್ಪಣೆ ಇಲ್ಲದೆ ಹಂದಿಗೂ ಈಡು ಹೊಡೆಯುವಂತಿಲ್ಲ. ಹಾಗಾಗಿ ಚರೆ ಹಾಕದ, ಬರೀ ಮದ್ದು ಮತ್ತು ತೆಂಗಿನ ಕತ್ತದ ಈಡೇ ಹೆಚ್ಚಾಯಿತು. ನಮ್ಮ ಮನೆಯಲ್ಲಂತೂ ಅದಕ್ಕೂ ಮೊದಲಿನಿಂದಲೇ ಹಾಗೆ. ಮಂಗನಿಗೆ ಈಡು ಹೊಡೆಯುವುದೆಂದರೆ ಹನುಮಂತನ ಮೇಲೆ ಕೈಮಾಡಿದ ಹಾಗೆ ಎಂದು ಆಯಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಅಪ್ಪಯ್ಯ ಆಕಾಶಕ್ಕೆ ಹೊಡೆಯುತ್ತಿದ್ದ. ಕಣಿವೆಯ ಆಚೆ ಗುಡ್ಡಕ್ಕೆ ಬಡಿದು ಸದ್ದು ವಾಪಸು ಬರುವುದರೊಳಗೆ ಮಂಗನ ಹಿಂಡು ಪಕ್ಕದವರ ತೋಟದಲ್ಲಿ. ಅಲ್ಲಿಂದ ಅವರ ಈಡು. ಬೆಳಗಿನ ಹೊತ್ತು ಕಣಿವೆಯಲ್ಲಿ ಮಂಗಗಳು ಎಲ್ಲಿವೆ ಎಂದು ಈಡಿನ ಸದ್ದು ಹಿಡಿದೇ ಹೇಳಬಹುದಿತ್ತು.

ಮಕ್ಕಳಾದ ನಮಗೂ ಸದ್ದಿನ ಗೀಳು. ಚೌತಿ ಬಂತೆಂದರೆ ಬಿದಿರಿನ ಪೆಟ್ಲು, ಅದಕ್ಕೆ ಜುಮ್ಮನಕಾಯಿ. ದೇವರ ಉತ್ಸವಕ್ಕೆ ಗರ್ನಾಲು. ಹುಗಿದಿಟ್ಟ ಕಬ್ಬಿಣದ ಕೊಳವೆಯಿಂದ ಹೊರಡುವ ಆ ಢಂ ಎದೆಗೆ ಬಂದು ಬಡಿಯಬೇಕು, ಇಲ್ಲದಿದ್ದರೆ ಉತ್ಸವ ಸಪ್ಪೆ.

ಈಗ ಕೋವಿ ತೊಳೆಯುವ ವಿಷಯ. ಕೇಪಿನ ಕೋವಿಯ ಮದ್ದು ಎಂದರೆ ಕರಿಮದ್ದು: ಪೆಟ್ಲುಪ್ಪು, ಇದ್ದಿಲು, ಗಂಧಕ. ತೋಟೆಯೊಳಗಿನ ಈಚಿನ ಮದ್ದು ಉರಿದರೆ ಹೆಚ್ಚುಕಡಿಮೆ ಪೂರ್ತಿ ಅನಿಲವಾಗಿ ಹೋಗುತ್ತದೆ. ಕರಿಮದ್ದು ಹಾಗಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಟ್ಟಿಯಾಗಿಯೇ ಉಳಿಯುತ್ತದೆ. ಒಂದಷ್ಟು ಹೊಗೆಯ ಜೊತೆ ಹಾರಿಹೋಗುತ್ತದೆ, ಉಳಿದದ್ದು ಹಾಲು ಕಾಯಿಸಿದ ಪಾತ್ರೆ ತಳ ಹಿಡಿದಂತೆ ನಳಿಗೆಯ ಒಳಮೈಗೆ ಹಿಡಿಯುತ್ತದೆ. ಆ ಕರಿಯಲ್ಲಿರುವುದು ಬರೀ ಮಸಿಯಲ್ಲ, ಪೊಟ್ಯಾಸಿಯಮ್ಮಿನ ಲವಣಗಳು. ಅವಕ್ಕೆ ಗಾಳಿಯ ತೇವ ಹೀರುವ ಗುಣ. ಕೇಪಿನ ಮಸಾಲೆಯಲ್ಲಿ ಕ್ಲೋರೇಟ್ ಇದ್ದರೆ ಅದು ಸಿಡಿದ ಮೇಲೆ ಉಳಿಯುವುದೂ ನಮ್ಮ ಅಡುಗೆ ಉಪ್ಪಿನ ದಾಯಾದಿಯೇ. ವರ್ಷಕ್ಕೆ 2,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಆಷಾಢದಲ್ಲಿ ಉಪ್ಪಿನ ಭರಣಿಯೇ ನೀರೊಡೆಯುವ ಊರಿನಲ್ಲಿ ಕಬ್ಬಿಣದ ಕೊಳವೆಯೊಳಗೆ ಉಪ್ಪು ಸವರಿ ಗೋಡೆಗೆ ನೇತುಹಾಕಿದರೆ ಏನಾಗಬೇಕೋ ಅದೇ ಆಗುತ್ತದೆ. ಸಂಜೆ ಹೊಡೆದ ಕೋವಿಯನ್ನು ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ನಳಿಗೆಯ ಬಾಯಲ್ಲಿ ಕೆಂಪು.

ಇದಕ್ಕೆ ಎಣ್ಣೆ ಮದ್ದಲ್ಲ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಮೇಲಿಂದ ಎಣ್ಣೆ ಹೊಳೆಯುತ್ತಿರುತ್ತದೆ, ಅಡಿಯಲ್ಲಿ ತುಕ್ಕು ತನ್ನ ಕೆಲಸ ಮಾಡುತ್ತಿರುತ್ತದೆ. ಅಪ್ಪಯ್ಯನಿಗೆ ಪೊಟ್ಯಾಸಿಯಮ್ಮು ಗೊತ್ತಿರಲಿಲ್ಲ, ಅವನ ಮಾತು ಇಷ್ಟೇ: “ಮೊದ್ಲು ಬಿಸ್ನೀರು ಕುಡ್ಸು ಅದ್ಕೆ. ಎಣ್ಣೆ ಎಲ್ಲಾ ಆಮೇಲಾತು.” ಮಹಾಯುದ್ಧಗಳ ಕಾಲದ ಬ್ರಿಟಿಷ್ ಸಿಪಾಯಿಗಳೂ ರೈಫಲ್ಲಿನ ನಳಿಗೆಗೆ ಆಲಿಕೆ ಇಟ್ಟು ಕುದಿನೀರು ಹೊಯ್ಯುತ್ತಿದ್ದರೆಂದು ಎಷ್ಟೋ ವರ್ಷದ ಮೇಲೆ ಓದಿದೆ. ಕಾರಣ ಒಂದೇ, ತೋಟೆಯ ಬುಡದ ಕೇಪಿನ ಉಪ್ಪು.

ನಮ್ಮ ಮನೆಗಳಲ್ಲಿ ಬಿಸಿನೀರಿಗೆ ಬರವಿಲ್ಲ. ಮಳೆಗಾಲದಲ್ಲಿ ಬಚ್ಚಲ ಒಲೆ ಆರುವುದೇ ಇಲ್ಲ, ಹಂಡೆ ತುಂಬ ಮರಳುವ ನೀರು. ಆದರೆ ನೀರಿಗೂ ಮೊದಲು ಗಜದ ಕೆಲಸ. ಗಜ ಎಂದರೆ ಈಡು ಗಿಡಿಯುವ ಉದ್ದನೆಯ ಸರಳು. ನಮ್ಮನೆಯ ಗಜದ ಮೇಲೆ ಒಂದು ಕಡೆ ಅರದಿಂದ ಕೊರೆದ ಗೆರೆಯಿತ್ತು. ಬರಿದಾದ ನಳಿಗೆಯೊಳಗೆ ಗಜ ಬಿಟ್ಟರೆ ಆ ಗೆರೆ ಬಾಯಿಯ ಅಂಚಿಗೆ ಸರಿಯಾಗಿ ಕೂರಬೇಕು. ನಾಲ್ಕು ಬೆರಳು ಮೇಲೆ ನಿಂತಿತೆಂದರೆ ಒಳಗೆ ಈಡು ಇದೆ ಎಂದರ್ಥ. ತೋಟೆ ಕೋವಿಯನ್ನಾದರೆ ಮುರಿದು ಬಗ್ಗಿ ನೋಡಬಹುದು. ಕೇಪಿನ ಕೋವಿಯ ಹೊಟ್ಟೆ ನೋಡಲು ಇದೊಂದೇ ದಾರಿ. ಹೋದ ಸಲ ಹೊಡೆದೇ ಇಟ್ಟದ್ದು ಎಂಬ ನೆನಪನ್ನು ಅಪ್ಪಯ್ಯ ಯಾವತ್ತೂ ನಂಬುತ್ತಿರಲಿಲ್ಲ, ತನ್ನದನ್ನೂ ಸಹ. ಗೆರೆ ನೋಡದೆ ಕೋವಿಗೆ ಯಾರೂ ಕೈಹಚ್ಚುವಂತಿಲ್ಲ.

ಆಮೇಲೆ ಹಿತ್ತಾಳೆಯ ಪಟ್ಟಿಗಳನ್ನು ಸಡಿಲಿಸಿ ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸುವುದು. ಕೇಪು ಕೂರುವ ಪುಟ್ಟ ಕೊಳವೆ, ಅಂದರೆ ನಿಪ್ಪಲ್ಲನ್ನು ಪುಟ್ಟ ಕೀಲಿಯಿಂದ ತಿರುಚಿ ತೆಗೆಯುವುದು. ಇದು ಬಿಗಿದುಕೊಂಡಿದ್ದರೆ ಒತ್ತಾಯ ಮಾಡಬಾರದು. ಒಂದು ಹನಿ ಎಣ್ಣೆ ಬಿಟ್ಟು ಊಟ ಮುಗಿಸಿ ಬರಬೇಕು. ಎಳೆ ಕೆಟ್ಟರೆ ಆಚಾರಿಯ ಹತ್ತಿರ ಹೋಗಬೇಕು, ಕೋವಿ ರಿಪೇರಿ ಮಾಡಲು ಆಚಾರಿಗೂ ಬೇರೆ ಲೈಸೆನ್ಸ್ ಬೇಕು, ಅಂಥವನು ಹತ್ತಿರದಲ್ಲಿ ಇರುವುದಿಲ್ಲ. ಆಮೇಲೆ ಬಚ್ಚಲಲ್ಲಿ ಬಕೆಟ್ಟಿಟ್ಟು ನಳಿಗೆಯ ಬುಡವನ್ನು ನೀರೊಳಗೆ ಮುಳುಗಿಸಿ, ಗಜದ ತುದಿಗೆ ಹಳೇ ಪಂಚೆಯ ಚೂರು ಸುತ್ತಿ ಬಾಯಿಂದ ಇಳಿಸುವುದು. ಗಜ ಮೇಲೆಳೆದಾಗ ನಿಪ್ಪಲ್ಲಿನ ತೂತಿನಿಂದ ಬಿಸಿನೀರು ಒಳಗೆ ಏರುತ್ತದೆ. ಕೆಳಗೊತ್ತಿದಾಗ ಕರಿನೀರು ಪಿಚಕಾರಿಯಂತೆ ಹೊರಗೆ ಚಿಮ್ಮುತ್ತದೆ. ಮೊದಲ ನೀರಿಗೆ ಕೊಳೆತ ಮೊಟ್ಟೆಯ ನಾತ. ಗಂಧಕದ ಪ್ರತಾಪ. ಮೊಟ್ಟೆ ಕಾಲಿಡದ ಮನೆಯಲ್ಲಿ ಆ ನಾತದ ಪರಿಚಯ ನಮಗಾದದ್ದೇ ಕೋವಿಯಿಂದ. ಆಯಿ ಸೆರಗು ಮೂಗಿಗೆ ಹಿಡಿದು, ಬಚ್ಚಲು ತೊಳೆದು ಹೊರಗೆ ಬನ್ನಿ ಎಂದು ಹೇಳಿ ಹೋಗುತ್ತಿದ್ದಳು.

ಎರಡನೇ ನೀರು ಬೂದಿಬಣ್ಣ, ಮೂರನೆಯದು ತಿಳಿ. ತಿಳಿಯಾದ ಮೇಲೂ ಇನ್ನೊಂದು ಬಕೆಟ್ಟು, ಅದು ಮಾತ್ರ ಕುದಿಯುತ್ತಿರುವ ನೀರು. ನಳಿಗೆ ಮುಟ್ಟಲಾಗದಷ್ಟು ಕಾಯಬೇಕು. ಹಾಗೆ ಕಾದದ್ದು ತನ್ನ ಬಿಸಿಗೆ ತಾನೇ ಒಣಗುತ್ತದೆ. ತಣ್ಣೀರಿನಲ್ಲಿ ತೊಳೆದರೆ ಕರಿ ಹೋಗಬಹುದು, ಆದರೆ ಒಣಗುವುದು ಹೇಗೆ? ಮಳೆಗಾಲದಲ್ಲಿ ಪಂಚೆಯೇ ಮೂರು ದಿನ ಒಣಗುವುದಿಲ್ಲ. ಬಟ್ಟೆ ಬದಲಾಯಿಸುತ್ತ ಗಜ ಆಡಿಸಿ, ಕೊನೆಯ ಚೂರು ಹಾಕಿದ ಹಾಗೇ ಬೆಳ್ಳಗೆ ವಾಪಸು ಬಂದರೆ ತೊಳೆದದ್ದು ಮುಗಿಯಿತು. ನಿಪ್ಪಲ್ಲಿನ ತೂತಿಗೆ ಸೂಜಿ ಹಾಕಿ ಬೆಳಕಿಗೆ ಹಿಡಿದು ನೋಡಬೇಕು. ಅದನ್ನು ಮತ್ತೆ ಕೂರಿಸಿದ ಮೇಲೆ ನಳಿಗೆಯ ಬಾಯಿಗೆ ತುಟಿ ಇಟ್ಟು ಊದುವವರನ್ನೂ ಕಂಡಿದ್ದೇನೆ. ಅಪ್ಪಯ್ಯ ಅದನ್ನು ಒಪ್ಪುತ್ತಿರಲಿಲ್ಲ. ಬಾಯಿಗೆ ಬಾಯಿ ಇಡುವ ವಸ್ತು ಅದಲ್ಲ ಎನ್ನುತ್ತಿದ್ದ. ಅದಕ್ಕೆ ಸೈಕಲ್ ಪಂಪು ಇತ್ತು.

ಆ ತೂತು ಕಟ್ಟಿದ್ದರೆ ಏನಾಗುತ್ತದೆ ಎಂಬುದು ತೋಟದಲ್ಲಿ ಗೊತ್ತಾಗುತ್ತದೆ. ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಬಿದ್ದು ಕೇಪು ಮಾತ್ರ ಟಪ್ ಎನ್ನುತ್ತದೆ, ಈಡು ಹಾರುವುದಿಲ್ಲ. ಮಂಗ ಕೂತಲ್ಲೇ ಕೂತು ತಲೆ ಓರೆಮಾಡಿ ನೋಡುತ್ತದೆ. ನಗು ಬರುವಂಥದ್ದೇ, ಆದರೆ ಆ ಗಳಿಗೆಯಷ್ಟು ಅಪಾಯದ್ದು ಬೇರೆ ಇಲ್ಲ. ಒಳಗೆ ಕಿಡಿ ಹೊಗೆಯಾಡುತ್ತಿದ್ದು ತಡವಾಗಿ ಹಾರಬಹುದು. ನಳಿಗೆಯನ್ನು ಖಾಲಿ ಬಯಲಿನತ್ತ ಹಿಡಿದು ಸುಮ್ಮನೆ ನಿಲ್ಲಬೇಕು. ಮಂಗ ನಕ್ಕರೆ ನಗಲಿ.

ಎಣ್ಣೆಯ ವಿಷಯದಲ್ಲಿ ಮನೆಗೊಂದು ಮತ. ಕೊಬ್ಬರಿ ಎಣ್ಣೆ ಕೈಗೆ ಸಿಗುವಂಥದ್ದು, ಆದರೆ ಮಾಗಿಯ ಚಳಿಗೆ ಹೆಪ್ಪುಗಟ್ಟಿ ಕುದುರೆಯ ಸಂದಿ ಬಿಗಿಯಾಗುತ್ತದೆ. ಮುರುಗಲ ತುಪ್ಪ ಸವರುವವರಿದ್ದರು. ನಳಿಗೆಯ ಹೊರಮೈಗೆ ಅದು ಚೆನ್ನ, ಒಳಗೆ ಬೇಡ. ಹೊಲಿಗೆ ಮಷಿನ್ನಿನ ಎಣ್ಣೆ ಬಂದ ಮೇಲೆ ಅಪ್ಪಯ್ಯ ಬೇರೆಯದನ್ನು ಮುಟ್ಟಲಿಲ್ಲ. ಹಿತ್ತಾಳೆ ಪಟ್ಟಿ ಬೆಳಗಲು ಮುರುಗಲ ಸಿಪ್ಪೆಯ ಹುಳಿ. ಅದು ಕಬ್ಬಿಣಕ್ಕೆ ತಾಗದ ಹಾಗೆ ಪಟ್ಟಿಗಳನ್ನು ಬೇರೆಯೇ ಬಟ್ಟಲಿನಲ್ಲಿ ತಿಕ್ಕುವುದು ನಮ್ಮ ಪಾಲಿನ ಕೆಲಸ. ಎಲ್ಲ ಮುಗಿದ ಮೇಲೆ ಕೋವಿ ಹೋಗುವುದು ಗಟ್ಟಿ ಬೀಗದ ಕೋಣೆಗೆ. ಆ ಕೋಣೆಯ ಗೋಡೆಯಾಚೆಗೇ ಬಚ್ಚಲ ಒಲೆ. ಮಳೆಗಾಲದಲ್ಲಿ ಬೆಚ್ಚಗಿರುವ ಗೋಡೆ ಅದೊಂದೇ. ಮದ್ದು ಮತ್ತು ಕೇಪು ಅಲ್ಲಲ್ಲ, ಮನೆಯ ಇನ್ನೊಂದು ತುದಿಯಲ್ಲಿ, ಬೇರೆ ಬೇರೆ ಡಬ್ಬಿಯಲ್ಲಿ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗನಿಗೆ ಈ ಪುರಾಣ ಹೇಳಿದಾಗ ಅವನು ಅಲ್ಲಿನ ಸೈಲೆನ್ಸರ್ ತೊಳೆಯುವ ಸಂಗತಿ ಹೇಳಿದ. ಕೊಳವೆಯೊಳಗೆ ಒಂದರ ಹಿಂದೊಂದು ತಡೆಬಿಲ್ಲೆಗಳು. ಬಿಸಿ ಅನಿಲ ಅವುಗಳ ನಡುವಿನ ಕೋಣೆಗಳಲ್ಲಿ ಸುತ್ತಿ ತಣ್ಣಗಾಗಿ ನಿಧಾನ ಹೊರಬೀಳುವುದರಿಂದ ಸದ್ದು ಇಳಿಯುತ್ತದೆ. ಇಳಿಯುತ್ತದೆ ಅಷ್ಟೇ, ಸಿನಿಮಾದಲ್ಲಿ ತೋರಿಸುವ ಹಾಗೆ ‘ಪುಸ್’ ಅನ್ನುವುದಿಲ್ಲ. ಮಸಿಯೆಲ್ಲ ಆ ಕೋಣೆಗಳಲ್ಲೇ ಕೂರುತ್ತದೆ. ಸಣ್ಣ ರೈಫಲ್ಲಿನ ಸೀಸದ ಗುಂಡಾದರೆ ಬಿಲ್ಲೆಗಳ ಮೇಲೆ ಸೀಸ ಪದರಗಟ್ಟುತ್ತದೆ, ಬಿಚ್ಚಿ ಕೆರೆಯಬೇಕು, ಸೀಸ ವಿಷವಾದ್ದರಿಂದ ಕೈಗವಸು ಬೇಕು. ಅಲ್ಲಿ 1934ರಲ್ಲೇ ಸೈಲೆನ್ಸರಿಗೆ ನೋಂದಣಿ ಮತ್ತು 200 ಡಾಲರ್ ತೆರಿಗೆ ಹಾಕಿದ್ದರು. ನಮ್ಮ ದೇಶದ ಆಯುಧ ನಿಯಮಗಳಲ್ಲಿ ಸದ್ದಡಗಿಸುವ ಸಾಧನ ಇರುವುದು ನಿಷೇಧಿತ ಆಯುಧಗಳ ಪಟ್ಟಿಯಲ್ಲಿ. ಕಾಡಿನಂಚಿನಲ್ಲಿ ಕೋವಿಗೆ ಸದ್ದಿರಬೇಕೆಂದು ನಾನೂ ಒಪ್ಪುತ್ತೇನೆ. ಕಳ್ಳಬೇಟೆಯವನು ಎಲ್ಲಿದ್ದಾನೆಂದು ಊರಿಗೆ ಗೊತ್ತಾಗುವುದು ಅವನ ಈಡಿನಿಂದಲೇ.

ಆದರೆ ಕಿವಿಯ ಲೆಕ್ಕವೂ ಒಂದಿದೆ. ಈಡಿನ ಸದ್ದು 140 ಡೆಸಿಬಲ್ ದಾಟುತ್ತದೆ. ಒಂದೇ ಏಟಿಗೆ ಕಿವಿ ಕೆಡಿಸಲು ಅಷ್ಟು ಸಾಕು. ಬಲಗೈಯವನು ಕೋವಿ ಹೆಗಲಿಗಿಟ್ಟಾಗ ಬಲಗಿವಿ ಭುಜದ ಮರೆಗೆ ಸರಿಯುತ್ತದೆ, ಎಡಗಿವಿ ನಳಿಗೆಯ ಬಾಯಿಗೆ ನೇರ. ಯುರೋಪಿನ ಉತ್ತರದ ದೇಶಗಳಲ್ಲಿ ಬೇಟೆಗಾರರಿಗೆ ಸೈಲೆನ್ಸರ್ ಬಿಟ್ಟಿರುವುದಕ್ಕೆ ಇದೂ ಒಂದು ಕಾರಣ. ನಮ್ಮ ಸೀಮೆಯ ಹಳೇ ಲೈಸೆನ್ಸಿನವರ ಎಡಗಡೆ ಕೂತು ಮಾತಾಡಿ ನೋಡಿ. ಅಪ್ಪಯ್ಯನ ಜೊತೆ ತಾಳಮದ್ದಳೆಗೆ ಹೋದರೆ ಅವನಿಗೆ ಜಾಗ ಹಿಡಿಯಬೇಕಿದ್ದದ್ದು ಭಾಗವತರು ಬಲಗಿವಿಯ ಕಡೆಗೆ ಬರುವ ಹಾಗೆ. ಕಿವಿಗೆ ಹತ್ತಿ ಇಟ್ಟುಕೋ ಎಂದರೆ, ಹತ್ತಿ ಇಟ್ಟರೆ ಮಂಗ ಯಾವ ಮರದಲ್ಲಿದೆ ಎಂದು ಹೇಗೆ ಕೇಳಬೇಕು ಎಂದು ನನ್ನನ್ನೇ ಕೇಳುತ್ತಿದ್ದ.

ಕೋವಿಗೆ ಮಳೆಗಿಂತ ದೊಡ್ಡ ಶತ್ರು ಚುನಾವಣೆ. ದಿನಾಂಕ ಘೋಷಣೆಯಾದ ಕೂಡಲೇ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಚೀಟಿ ತರಬೇಕು, ಫಲಿತಾಂಶ ಬಂದ ಮೇಲೆ ಬಿಡಿಸಿಕೊಳ್ಳಬೇಕು. ಯಲ್ಲಾಪುರದವರ ಪಾಡಂತೂ ಹೇಳುವುದೇ ಬೇಡ: 2018ರ ಮೇ ತಿಂಗಳಲ್ಲಿ ವಿಧಾನಸಭೆ, 2019ರ ಏಪ್ರಿಲ್‌ನಲ್ಲಿ ಲೋಕಸಭೆ, ಅದೇ ವರ್ಷ ಡಿಸೆಂಬರ್ 5ಕ್ಕೆ ನಮ್ಮದೇ ಕ್ಷೇತ್ರದ ಉಪಚುನಾವಣೆ. ಡಿಸೆಂಬರ್ ಎಂದರೆ ಭತ್ತ ಕಣಕ್ಕೆ ಬರುವ, ಅಡಿಕೆ ಕೊಯ್ಲು ಏರುವ ಹೊತ್ತು. ಶಾಸಕರು ರಾಜೀನಾಮೆ ಕೊಟ್ಟರೆ ಮಂಗಗಳಿಗೆ ಸುಗ್ಗಿ ಎಂದು ಸೊಸೈಟಿಯ ಕಟ್ಟೆಯ ಮೇಲೆ ಜೋಕು ಹುಟ್ಟಿದ್ದು ಆಗಲೇ. ಠಾಣೆಯಲ್ಲಿ ಒಂದರ ಮೇಲೊಂದು ಒರಗಿಸಿಟ್ಟ ಕೋವಿಗಳು ಹಿಂದಿರುಗುವಾಗ ತುಕ್ಕು ಹಿಡಿದಿರುತ್ತವೆ. ಅಲ್ಲಿನವರನ್ನು ದೂರಿ ಪ್ರಯೋಜನವಿಲ್ಲ, ಅವರಿಗೆ ಚುನಾವಣೆಯ ಹೊತ್ತಿನಲ್ಲಿ ಬಿಸಿನೀರು ಕಾಯಿಸುವ ಪುರುಸೊತ್ತೆಲ್ಲಿ? ಆದರೆ ತುಕ್ಕು ನಳಿಗೆಯ ಮೇಲೆ ಕೆತ್ತಿದ ನಂಬರನ್ನು ತಿಂದರೆ ಪಜೀತಿ ನಮ್ಮದು. ಲೈಸೆನ್ಸ್ ನವೀಕರಣಕ್ಕೆ ಕೋವಿ ತೋರಿಸುವಾಗ ನಂಬರು ಪುಸ್ತಕಕ್ಕೆ ತಾಳೆಯಾಗಬೇಕು.

ಈಚೆಗೆ ಮಕ್ಕಳು ಊರಲ್ಲಿಲ್ಲದ ಮನೆಗಳವರು ಕೋವಿಯನ್ನೇ ಸರಕಾರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಿದ್ದಾರೆ. ಅದರ ಬದಲಿಗೆ ಬಂದದ್ದು ಪಿವಿಸಿ ಪೈಪಿನ ಗನ್ನು. ಕಾರ್ಬೈಡ್ ಚೂರಿಗೆ ನೀರು ಬಿದ್ದು ಗ್ಯಾಸ್ ಎದ್ದು ಲೈಟರಿನ ಕಿಡಿಗೆ ಢಂ ಎನ್ನುತ್ತದೆ. ಲೈಸೆನ್ಸ್ ಬೇಡ, ಠಾಣೆಗೆ ಕೊಡಬೇಕಿಲ್ಲ, ಗಜ ಬೇಡ. ನನಗೆ ಅದು ಸೇರುವುದಿಲ್ಲ. ಸಿಡಿಯಲಿಲ್ಲವೆಂದು ಬಾಯೊಳಗೆ ಬಗ್ಗಿ ನೋಡುವವರೇ ಎಲ್ಲ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಮಕ್ಕಳು ಕಣ್ಣು ಕಳೆದುಕೊಂಡದ್ದು ಅಂಥದೇ ಕಾರ್ಬೈಡ್ ಗನ್ನಿನಿಂದ. ಕೇಪಿನ ಕೋವಿಗೆ ಗೆರೆ ಕೊರೆದ ಗಜವಾದರೂ ಇತ್ತು.

ಚುನಾವಣೆಯ ದಿನಾಂಕ ಬಿತ್ತೆಂದರೆ ಆಚೀಚೆ ಮನೆಯವರು ಈಗಲೂ ಫೋನು ಮಾಡುತ್ತಾರೆ, ಕೋವಿ ಕೊಡುವ ಮೊದಲು ಏನು ಹಚ್ಚಬೇಕೆಂದು. ಗೆರೆ ನೋಡಿಕೊಳ್ಳಿ, ಬಿಸಿನೀರಿನಲ್ಲಿ ತೊಳೆದು ಒಂದು ದಿನ ಒಲೆಗೋಡೆಗೆ ಒರಗಿಸಿಡಿ, ಒಳಗೆ ಎಣ್ಣೆ, ಹೊರಗೆ ನಂಬರಿನ ಮೇಲೆ ದಪ್ಪಗೆ ಗ್ರೀಸು. ಧೂಳು ಹೋಗದಿರಲೆಂದು ನಳಿಗೆಯ ಬಾಯಿಗೆ ಬಟ್ಟೆ ತುರುಕಬೇಡಿ, ಅದು ತೇವ ಹೀರಿ ಅಲ್ಲೇ ಇಟ್ಟುಕೊಳ್ಳುತ್ತದೆ. ಚೀಟಿಯಲ್ಲಿ ನಂಬರು ಸರಿ ಬರೆದಿದ್ದಾರೋ ಎಂದು ಅಲ್ಲೇ ನಿಂತು ಓದಿ ಬನ್ನಿ.